ಸಂಪಾದಕರ ಉತ್ತರ: ಆರ್ಗನ್ ಮುಂದೆ ಅರವತ್ತು ವರ್ಷ

ಕಳೆದ ಸಂಚಿಕೆಯಲ್ಲಿ ಫ್ರಾನ್ಸಿನ ಸಂಗೀತ ರಚನಕಾರ ಒಲಿವಿಯೆ ಮೆಸಿಯಾನ್ ಬಗ್ಗೆ ಬಂದ ಲೇಖನ ಓದಿ ದಾವಣಗೆರೆಯ ಓದುಗರೊಬ್ಬರು ಎರಡು ಪ್ರಶ್ನೆ ಕೇಳಿದ್ದಾರೆ. ಚರ್ಚಿನ ಕೆಲಸಕ್ಕೆ ಕಟ್ಟುಬಿದ್ದವರು ಹೊಸ ಸಂಗೀತ ಕಟ್ಟಿದ್ದು ಹೇಗೆ ಅನ್ನುವುದು ಒಂದು. ಇನ್ನೊಂದು ಸ್ವಲ್ಪ ಖಾರ: 'ಅವರಿಗೂ ನಮ್ಮ ತಾಳವೇ ಮೂಲ ಅಂತೀರಿ, ಇದು ಸುಮ್ನೆ ಬಡಾಯಿ ಅಲ್ವಾ?'

ಮೊದಲು ಕೆಲಸದ ಮಾತು. 1931ರಲ್ಲಿ ಪ್ಯಾರಿಸ್ಸಿನ ತ್ರಿನಿತೆ ಚರ್ಚಿನಲ್ಲಿ ಆರ್ಗನ್ ಎಂಬ ದೊಡ್ಡ ಕೊಳವೆ ವಾದ್ಯದ ಮುಂದೆ ಕೂತಾಗ ಮೆಸಿಯಾನ್‌ಗೆ 22 ವರ್ಷ. 1992ರಲ್ಲಿ ತೀರಿಕೊಳ್ಳುವವರೆಗೂ ಆ ಹುದ್ದೆ ಬಿಡಲಿಲ್ಲ. ಅವರ ಭಾನುವಾರವನ್ನೇ ನೋಡಿ. ದೊಡ್ಡ ಪೂಜೆಗೆ ಬರೀ ಗ್ರೆಗೋರಿಯನ್ ಗಾನ, ಅಂದರೆ ಚರ್ಚಿನ ಹಳೆಯ ಲ್ಯಾಟಿನ್ ಗಾನ. 11 ಗಂಟೆ ಪೂಜೆಗೆ ಹಿಂದಿನವರ ಕೃತಿಗಳು. ನಡುಹಗಲಿನ ಪೂಜೆಯಲ್ಲಿ ಮಾತ್ರ ತಮ್ಮದನ್ನು ನುಡಿಸಬಹುದಿತ್ತು. ಸಂಜೆ 5ರ ಪ್ರಾರ್ಥನೆಯಲ್ಲಿ ಚರಣ ಚರಣದ ನಡುವೆ ಸಿಗುವ ಚೂರು ಬಿಡುವಿನಲ್ಲಿ ಅಲ್ಲೇ ಹುಟ್ಟಿಸಿ ನುಡಿಸಬೇಕು, ನಮ್ಮವರ ಮನೋಧರ್ಮದ ಹಾಗೆ. ಪೆಂಟೆಕಾಸ್ಟ್ ಹಬ್ಬದ ಪೂಜೆಗೆ ಅವರು ಬರೆದ ಆರ್ಗನ್ ಕೃತಿ ಬೆಳೆದದ್ದು ಇಂಥ ಅಭ್ಯಾಸದಿಂದಲೇ. 'ಇದೇನು ಅಪಸ್ವರ' ಅಂತ ಭಕ್ತರು ತಕರಾರು ಮಾಡಿದ್ದೂ ಉಂಟು. ನನಗಂತೂ ಇದು ಕಟ್ಟು ಅನ್ನಿಸುವುದಿಲ್ಲ, ವಾರವಾರದ ಸಾಧನೆ ಅನ್ನಿಸುತ್ತದೆ.

ಇನ್ನು ತಾಳ. ಬಡಾಯಿ ಅಲ್ಲ, ಆದರೆ ನಾವು ಜಾಸ್ತಿ ಹಿಗ್ಗುವಂಥದ್ದೂ ಅಲ್ಲ. 13ನೇ ಶತಮಾನದಲ್ಲಿ ದೇವಗಿರಿಯ ಯಾದವರ ಆಸ್ಥಾನದಲ್ಲಿದ್ದ ಶಾರ್ಙ್ಗದೇವ 'ಸಂಗೀತ ರತ್ನಾಕರ'ದಲ್ಲಿ 120 ದೇಶೀ ತಾಳಗಳನ್ನು ಪಟ್ಟಿ ಮಾಡಿದ. ಮೆಸಿಯಾನ್‌ಗೆ ಆ ಪಟ್ಟಿ ಸಿಕ್ಕಿದ್ದು ಒಂದು ಫ್ರೆಂಚ್ ವಿಶ್ವಕೋಶದಲ್ಲಿ. ಕೈಯಲ್ಲಿ ತಾಳ ಹಾಕಿ ಕಲಿತದ್ದಲ್ಲ, ಕಾಗದದ ಮೇಲೆ ಕಂಡದ್ದು. ನಮ್ಮ ಮೃದಂಗದವರಿಗೆ ಅವರ ಕೃತಿ ಕೇಳಿಸಿದರೆ ಗುರುತು ಹಿಡಿಯುವುದು ಕಷ್ಟ.

ಅವರಿಗೆ ಹಿಡಿಸಿದ್ದು ಢೆಂಕಿ ತಾಳದಂಥವು: ಗುರು, ಲಘು, ಗುರು. ಶಾಲೆಯಲ್ಲಿ ಛಂದಸ್ಸು ಕಲಿತವರಿಗೆ ಇದು ರ-ಗಣ. 'ವಿಕಟಕವಿ' ಇದ್ದ ಹಾಗೆ, ಎತ್ತಲಿಂದ ಓದಿದರೂ ಅದೇ. ತಾವೇ ಕೈದಿಯಾಗಿದ್ದ ಜರ್ಮನ್ನರ ಸೆರೆಶಿಬಿರದಲ್ಲಿ 1941ರ ಜನವರಿ 15ರಂದು ಮೊದಲು ನುಡಿಸಿದ 'ಕಾಲದ ಅಂತ್ಯಕ್ಕೆ' ಚತುರ್ವಾದ್ಯ ಕೃತಿಯ ಮೊದಲ ಭಾಗದಲ್ಲಿ ರಾಗವರ್ಧನ, ಚಂದ್ರಕಲಾ, ಲಕ್ಷ್ಮೀಶ ತಾಳಗಳನ್ನು ಜೋಡಿಸಿ 17 ಕಾಲಮಾನಗಳ ಸರಣಿ ಮಾಡಿದರು. ಅದರ ಮೇಲೆ 29 ಸ್ವರಗುಚ್ಛಗಳ (ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲು) ಸರಣಿ. ಎರಡೂ ಒಟ್ಟಿಗೆ ಮೊದಲಿಗೆ ಮರಳಬೇಕಾದರೆ ಪಿಯಾನೋ 17×29, ಅಂದರೆ 493 ಸಲ ಬಾರಿಸಬೇಕು. ಅಷ್ಟರೊಳಗೆ ಆ ಭಾಗವೇ ಮುಗಿದುಹೋಗುತ್ತದೆ. ಕೊನೆಯಿಲ್ಲದ್ದರ ಒಂದು ತುಂಡು ಮಾತ್ರ ನಮ್ಮ ಕಿವಿಗೆ ಬಿತ್ತು ಅನ್ನುವ ಹಾಗೆ. ದೇವರನ್ನು ನಂಬಿದವರ ಲೆಕ್ಕ ಇದು.

ಒಂದು ತಪ್ಪೊಪ್ಪಿಗೆ. ಸೆರೆಶಿಬಿರದ ಆ ಕಚೇರಿ ಕೇಳಲು 5,000 ಕೈದಿಗಳು ಬಂದಿದ್ದರು ಅಂತ ನಾವು ಅಚ್ಚು ಹಾಕಿದ್ದೆವು. ಅದು ಮೆಸಿಯಾನ್ ತಾವೇ ಹೇಳುತ್ತಿದ್ದ ಕಥೆ. ಕಚೇರಿ ನಡೆದ ಷೆಡ್ಡಿನಲ್ಲಿ ಹಿಡಿಸುತ್ತಿದ್ದದ್ದು ಕೆಲವು ನೂರು ಜನ. ಸೆಲ್ಲೋಗೆ (ದೊಡ್ಡ ಪಿಟೀಲಿನಂಥ ವಾದ್ಯ) ಮೂರೇ ತಂತಿ ಇತ್ತು ಅಂತಲೂ ಅವರು ಹೇಳುತ್ತಿದ್ದರು. ನಾಲ್ಕೂ ಇತ್ತು ಅಂದವರು ಸೆಲ್ಲೋ ನುಡಿಸಿದವರೇ.