ಆಫೀಸಿಗೆ ಮೊದಲು ಮಂಜುಗಡ್ಡೆಯ ಮೇಲೆ

ಹೋಗಿ. ಖಂಡಿತ ಹೋಗಿ. ಫಿನ್‌ಲ್ಯಾಂಡಿನ ಹೆಲ್ಸಿಂಕಿಗೆ ಬಂದು ಇನ್ನೂ ಮೊದಲ ಚಳಿಗಾಲ, ಕೆಲಸಕ್ಕೆ ಸೇರಿ ಕೆಲವೇ ತಿಂಗಳು, ಟೀಮಿನವರು ಮಾರ್ಚಿನಲ್ಲಿ ಒಂದು ದಿನ ಬೆಳಗಿನ ಹೊತ್ತು ಹೆಪ್ಪುಗಟ್ಟಿದ ಸರೋವರದ ಮೇಲೆ ಗಾಳ ಹಾಕೋಕೆ ಕರೆದಿದ್ದಾರೆ ಅಂತ ಬರೆದಿದ್ದೀರಿ. ಗಡ್ಡೆ ಒಡೆದರೆ ಏನು ಗತಿ, ಆಫೀಸಿಗೆ ತಡವಾಗಿ ಹೋದರೆ ಮ್ಯಾನೇಜರ್ ಏನಂದುಕೊಳ್ಳುತ್ತಾರೆ, ಇವೆರಡೇ ನಿಮ್ಮ ಚಿಂತೆ. ಎರಡನೆಯದಕ್ಕೆ ಮೊದಲು ಉತ್ತರ ಕೊಡುತ್ತೇನೆ. ಯಾಕೆಂದರೆ ನಮ್ಮವರನ್ನು ಜಾಸ್ತಿ ತಡೆಯುವುದು ಅದೇ.

ಇಲ್ಲಿ ಬೆಳಿಗ್ಗೆ ಯಾರು ಮೊದಲು ಬಂದರು ಅಂತ ಯಾರೂ ನೋಡುವುದಿಲ್ಲ. ಬಹಳಷ್ಟು ಆಫೀಸುಗಳಲ್ಲಿ ಲಿಉಕುಮಾ ಅಂತ ಇದೆ. ಕೆಲಸ ಶುರುಮಾಡುವ, ಮುಗಿಸುವ ಹೊತ್ತನ್ನು ನೀವೇ ಹಿಂದೆ ಮುಂದೆ ಮಾಡಿಕೊಳ್ಳುವ ಏರ್ಪಾಡು. 2020ರಲ್ಲಿ ಜಾರಿಗೆ ಬಂದ ಕೆಲಸದ ವೇಳೆಯ ಕಾಯ್ದೆ ಪ್ರಕಾರ ಹೀಗೆ ಸರಿಸಬಹುದಾದ ಹೊತ್ತು ದಿನಕ್ಕೆ ನಾಲ್ಕು ಗಂಟೆವರೆಗೂ ಇರಬಹುದು. ನಿಮ್ಮ ಕಂಪನಿಯಲ್ಲಿ ಎಷ್ಟಿದೆ ಅಂತ ಒಮ್ಮೆ ಕೇಳಿಕೊಳ್ಳಿ. ಆಮೇಲೆ ಕ್ಯಾಲೆಂಡರಿನಲ್ಲಿ ಆ ಬೆಳಿಗ್ಗೆಯನ್ನು ಬ್ಲಾಕ್ ಮಾಡಿ, ಮೀನು ಹಿಡಿಯಲು ಹೋಗುತ್ತಿದ್ದೇನೆ ಅಂತಲೇ ಬರೆಯಿರಿ. ಹುಷಾರಿಲ್ಲ, ಮನೆಯಲ್ಲಿ ಪ್ಲಂಬರ್ ಬರ್ತಾನೆ ಅಂತ ನೆಪ ಹೇಳಬೇಡಿ. ಗಂಟೆ ತುಂಬಿಸಿದರೆ, ಮೀಟಿಂಗಿಗೆ ಸರಿಯಾಗಿ ಇದ್ದರೆ ಸಾಕು. ಕೆಲಸದ ಮೇಲೆ ಸಿಕ್ಕಿದ ಪರ್ಮಿಟ್ ಅಂತ ಉಸಿರು ಬಿಗಿಹಿಡಿದು ವರ್ಷಗಟ್ಟಲೆ ಡೆಸ್ಕಿಗೆ ಅಂಟಿಕೊಂಡವರನ್ನು ನೋಡಿದ್ದೇನೆ. ಅವರಿಗೆ ಹಾಗಿರಿ ಅಂತ ಯಾರೂ ಹೇಳಿರಲಿಲ್ಲ. ಅದು ನನಗೆ ನಿಜವಾಗಿಯೂ ನೋವಿನ ವಿಷಯ.

ಅಪ್ಪಣೆ ಚೀಟಿಯ ತಲೆನೋವೂ ಇಲ್ಲ. ರೀಲ್ ಇರುವ ಕೋಲಿನಿಂದ ಹಿಡಿಯುವುದಕ್ಕೆ ಶುಲ್ಕ ಕಟ್ಟಬೇಕು. ಆದರೆ ಮಂಜುಗಡ್ಡೆಗೆ ತೂತು ಕೊರೆದು, ಪುಟ್ಟ ಕೋಲಿನಿಂದ ಗಾಳ ಬಿಡುವ ಪಿಲ್ಕ್ಕಿ ಎಲ್ಲರ ಹಕ್ಕು. ನಿನ್ನೆ ಬಂದಿಳಿದವರಿಗೂ ಅದೇ ಹಕ್ಕು. ಇನ್ನೊಬ್ಬರ ಮನೆಯಂಗಳ ಹಾದು ದಡಕ್ಕೆ ಇಳಿಯಬಾರದು, ಜಾಗದವರನ್ನು ಕೇಳದೆ ದಡದಲ್ಲಿ ಬೆಂಕಿ ಹಾಕಬಾರದು, ಮೀನು ಹಿಡಿಯುವುದನ್ನು ನಿಷೇಧಿಸಿದ ಜಾಗಗಳಿಗೆ ಹೋಗಬಾರದು. ಇಷ್ಟು ನೆನಪಿರಲಿ.

ಇನ್ನು ಗಡ್ಡೆಯ ಮಾತು. ಇಲ್ಲಿ ನಾನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ. ಒಬ್ಬ ಮನುಷ್ಯ ನಡೆಯಲು ಕನಿಷ್ಠ 5 ಸೆಂ.ಮೀ. ಗಟ್ಟಿ ಗಡ್ಡೆ ಬೇಕು ಅಂತ ಇಲ್ಲಿ ಹೇಳಿಕೊಡುತ್ತಾರೆ. ನೀವು ಹೊಸಬರು, ನಿಮಗೆ 10 ಸೆಂ.ಮೀ. ಇರಲಿ. ಗಟ್ಟಿ ಅಂದರೆ ಕಪ್ಪಗೆ, ಗಾಜಿನ ಹಾಗೆ ಕಾಣುವ ಗಡ್ಡೆ. ಇವರು ಅದನ್ನು ಉಕ್ಕಿನ ಗಡ್ಡೆ ಅನ್ನುತ್ತಾರೆ. ಹಿಮ ನೆನೆದು ಮತ್ತೆ ಹೆಪ್ಪಾದ ಹಾಲುಬಿಳಿ ಗಡ್ಡೆಗೆ ಅದರ ಅರ್ಧದಷ್ಟೇ ಬಲ. ಹೊಳೆ ಬಂದು ಸೇರುವ ಜಾಗ, ಸೇತುವೆಯ ಕೆಳಗೆ, ಇಕ್ಕಟ್ಟಾದ ಕಡೆ, ಜೊಂಡು ಬೆಳೆದ ಅಂಚು, ಇಲ್ಲೆಲ್ಲ ಗಡ್ಡೆ ತೆಳು. ಸಮುದ್ರದ ಮೇಲೆ ಹಡಗಿನ ದಾರಿಯ ಹತ್ತಿರಕ್ಕೂ ಹೋಗಬೇಡಿ. ವಸಂತದ ಬಿಸಿಲು ಬಿದ್ದ ಮೇಲಂತೂ ದಪ್ಪವನ್ನು ನಂಬಲೇಬಾರದು. ಆಗ ಗಡ್ಡೆ ಒಳಗೊಳಗೇ ಕಡ್ಡಿಕಡ್ಡಿಯಾಗಿ ಬಿಡಿಸಿಕೊಳ್ಳುತ್ತದೆ. ಬೆಳಿಗ್ಗೆ ಹೊತ್ತದ್ದು ಮಧ್ಯಾಹ್ನ ಹೊರುವುದಿಲ್ಲ.

ಕುತ್ತಿಗೆಗೆ ನಸ್ಕಾಲಿ ಹಾಕಿಕೊಂಡೇ ಇಳಿಯಿರಿ. ಅದು ದಾರದಲ್ಲಿ ತೂಗುವ ಜೋಡಿ ಮೊಳೆಹಿಡಿ. ಬ್ಯಾಗಿನಲ್ಲಿ ಇಟ್ಟುಕೊಂಡರೆ ಪ್ರಯೋಜನ ಇಲ್ಲ. ನೀರಿಗೆ ಬಿದ್ದರೆ ಬಂದ ದಿಕ್ಕಿಗೇ ತಿರುಗಿ, ಮೊಳೆಗಳನ್ನು ಗಡ್ಡೆಗೆ ಚುಚ್ಚಿ, ಕಾಲು ಬಡಿಯುತ್ತಾ ಮೇಲೆ ಎಳೆದುಕೊಳ್ಳಬೇಕು. ಮೇಲೆ ಬಂದ ಮೇಲೆ ಎದ್ದು ನಿಲ್ಲದೆ ಉರುಳಿಕೊಂಡು ದೂರ ಹೋಗಬೇಕು. ಫೋನ್ ನೀರು ಹೋಗದ ಚೀಲದಲ್ಲಿ ಇರಲಿ, ಅದರಲ್ಲಿ 112 ಸುವೊಮಿ ಆ್ಯಪ್ ಇರಲಿ. ಆ ಆ್ಯಪಿನಿಂದಲೇ ಕರೆ ಮಾಡಿದರೆ ನೀವಿರುವ ಜಾಗ ತುರ್ತು ಸೇವೆಯವರಿಗೆ ತಾನಾಗಿ ಗೊತ್ತಾಗುತ್ತದೆ. ಈ ವರ್ಷ ಒಬ್ಬರೇ ಹೋಗಲೇಬೇಡಿ.

ಯಾವಾಗ ಹೋಗಬೇಕು? ಡಿಸೆಂಬರಿನಲ್ಲಿ ಇಲ್ಲಿ ಸೂರ್ಯ ಹುಟ್ಟುವುದೇ ಒಂಬತ್ತು ಕಾಲು ದಾಟಿದ ಮೇಲೆ, ಮೂರು ಕಾಲಿಗೆ ಮುಳುಗಿಯೂ ಆಯಿತು. ಕೆಲಸದ ದಿನ ಆಗ ಹೋಗಿ ಉಪಯೋಗವಿಲ್ಲ. ಅಹ್ವೆನ್ ಅನ್ನುವ ಮೀನು, ಪರ್ಚ್ ಅಂತೀವಲ್ಲ, ಅದು ಕಣ್ಣಿಂದ ನೋಡಿ ಬೇಟೆಯಾಡುವಂಥದ್ದು. ಬೆಳಕು ಬೇಕು ಅದಕ್ಕೆ. ಮಾರ್ಚ್ ಮಧ್ಯಕ್ಕೆ ಆರೂವರೆ ಸುಮಾರಿಗೆಲ್ಲ ಸೂರ್ಯ ಹುಟ್ಟುತ್ತಾನೆ, ಗಡ್ಡೆ ಸಾಮಾನ್ಯವಾಗಿ ಇನ್ನೂ ಗಟ್ಟಿ ಇರುತ್ತದೆ. ನಿಮ್ಮ ಟೀಮಿನವರು ಸುಮ್ನೆ ಮಾರ್ಚ್ ಅಂದಿಲ್ಲ. ಆರಕ್ಕೆ ಸರೋವರದ ಮೇಲಿದ್ದರೆ ಎಂಟೂವರೆಗೆ ಸಾಮಾನು ಕಟ್ಟಿ ಹತ್ತಕ್ಕೆ ಆಫೀಸಿನಲ್ಲಿ ಇರಬಹುದು.

ಕೈಬೈರಿಗೆ ತಿರುಗಿಸುವಾಗ ಮೊದಲು ಒಣ ಪುಡಿ ಏಳುತ್ತದೆ. ಆಮೇಲೆ ಒಂದು ಸುತ್ತಿಗೆ ತಟ್ಟನೆ ಭಾರ ಹೋಗಿ, ಗಾಢ ನೀರು ಬುಳುಕ್ ಅಂತ ಮೇಲೆ ಬರುತ್ತದೆ. ತೂತು ಅಂಗೈಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ತೂತಿನ ಸೌಟಿನಿಂದ ಚೂರುಗಳನ್ನು ಎತ್ತಿ ಹಾಕಿ. ಗಾಳ ತಳ ಮುಟ್ಟಲಿ, ಆಮೇಲೆ ಒಂದು ಗೇಣು ಮೇಲೆತ್ತಿ, ಎರಡು ಸಲ ಅಲುಗಿಸಿ, ಸುಮ್ಮನಿರಿ. ಕಚ್ಚುವುದು ಹೆಚ್ಚಾಗಿ ಆ ಸುಮ್ಮನಿದ್ದ ಗಳಿಗೆಯಲ್ಲೇ. ಚಳಿಯಲ್ಲಿ ಮೀನು ಮಂದ. ಜಗ್ಗುವುದಿಲ್ಲ, ಕೋಲಿನ ತುದಿ ಒಂಚೂರು ಬಾಗುತ್ತದೆ. ಹತ್ತು ನಿಮಿಷ ಏನೂ ಇಲ್ಲವಾ, ಎದ್ದು ಬೇರೆ ತೂತು ಕೊರೆಯಿರಿ. ಅಹ್ವೆನ್ ಗುಂಪಾಗಿ ಓಡಾಡುವ ಮೀನು, ನಾವೇ ಹುಡುಕಿಕೊಂಡು ಹೋಗಬೇಕು. ಹುಳದ ಡಬ್ಬಿ ಜಾಕೆಟ್ಟಿನ ಒಳಜೇಬಿನಲ್ಲಿರಲಿ, ಇಲ್ಲವಾದರೆ ಹುಳ ಕಲ್ಲಾಗುತ್ತದೆ. ಮೀನು ಮೇಲೆ ಬಂದಾಗ ಬೆನ್ನಿನ ಮುಳ್ಳನ್ನು ತಲೆಯ ಕಡೆಯಿಂದ ಹಿಂದಕ್ಕೆ ಒತ್ತಿ ಹಿಡಿಯಿರಿ. ಹಸಿರು ಮೈಮೇಲೆ ಕಪ್ಪು ಪಟ್ಟೆ, ಕೆಂಪು ರೆಕ್ಕೆ, ಎಷ್ಟು ಚೆಂದ ಅಂತೀರಿ!

ಮೀನು ತಿನ್ನದವರಾದರೆ ಗಾಳ ಹಾಕಬೇಡಿ, ಜೊತೆಗೆ ಹೋಗಿ. ಹಿಡಿದು ಆಡಿಸಿ ಬಿಡುವುದು ನನಗೆ ಸರಿಕಾಣುವುದಿಲ್ಲ. ಕೊರೆಯುವ ಚಳಿಯಲ್ಲಿ ಮೀನಿನ ಕಿವಿರು, ಕಣ್ಣು ಹೆಪ್ಪುಗಟ್ಟುತ್ತವೆ, ವಾಪಸ್ ಬಿಟ್ಟರೂ ಬದುಕುವುದು ಕಷ್ಟ. ತಿನ್ನುವುದಾದರೆ ತಲೆಗೆ ಒಂದೇ ಪೆಟ್ಟು, ತಡಮಾಡದೆ. ಬೈರಿಗೆ ತಿರುಗಿಸಲು, ಫ್ಲಾಸ್ಕಿನ ಕಾಫಿ ಹಂಚಲು ಇನ್ನೊಬ್ಬರಿದ್ದರೆ ಅವರಿಗೂ ಖುಷಿಯೇ. ಆಫೀಸಿನಲ್ಲಿ ಹತ್ತು ಮಾತು ಆಡದವರು ಅಲ್ಲಿ ಅವರ ಅಜ್ಜನ ಕಾಲದ ಕಥೆ ಹೇಳುತ್ತಾರೆ.

ಬಟ್ಟೆ ಬಗ್ಗೆ ಒಂದೇ ಮಾತು: ಒಳಗೆ ಉಣ್ಣೆ, ಕಾಟನ್ ಸಾಕ್ಸ್ ಬೇಡ. ಬದಲಾಯಿಸಲು ಒಂದು ಜೊತೆ ಬಟ್ಟೆ ಆಫೀಸಿನಲ್ಲಿ ಇಡಿ. ಕಾರನ್ನು ಬಯಲಲ್ಲೇ ನಿಲ್ಲಿಸಿ, ಡಿಕ್ಕಿಯಲ್ಲಿರುವ ಮೀನು ಸಂಜೆವರೆಗೂ ಕೆಡದೆ ತಣ್ಣಗಿರುತ್ತದೆ. ಬೆಚ್ಚಗಿನ ನೆಲಮಾಳಿಗೆ ಪಾರ್ಕಿಂಗ್‌ಗೆ ಒಯ್ದರೆ ಮಾತ್ರ ಮಧ್ಯಾಹ್ನಕ್ಕೇ ವಾಸನೆ ಶುರು. ದಿನ ಗೊತ್ತುಮಾಡುವುದನ್ನು ಮುಂದೂಡಬೇಡಿ, ಏಪ್ರಿಲ್ ಬಂದರೆ ಈ ಕಡೆಯ ಸರೋವರಗಳ ಗಡ್ಡೆ ಕರಗಲು ಶುರುವಾಗುತ್ತದೆ. ಬೈರಿಗೆ ಕೊಳ್ಳುವ ಅವಸರ ಬೇಡ, ಕರೆದವರ ಹತ್ತಿರ ಇದ್ದೇ ಇರುತ್ತದೆ. ನಸ್ಕಾಲಿ ಮಾತ್ರ ನಿಮ್ಮದೇ ಒಂದು ತಗೊಳ್ಳಿ.