ಗಾಳದವರ ಪ್ರಶ್ನೋತ್ತರ: ಅಳಿವೆಯ ಸೀಬಾಸ್‌ಗೆ ಯಾವ ಲ್ಯೂರ್, ಹೇಗೆ ಎಳೆಯಬೇಕು?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಲ್ಯೂರ್, ಅಂದರೆ ಗಾಳಕ್ಕೆ ಕಟ್ಟುವ ಕೃತಕ ಎರೆಯ ಕುರಿತವು. ಹಾಗಾಗಿ ಬಲೆ, ದೋಣಿಯ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇವೆ.

ಪ್ರಶ್ನೆ: ಅಮೆರಿಕದ ಬಾಸ್ ಫಿಶಿಂಗ್ ವಿಡಿಯೊಗಳನ್ನು ನೋಡಿ ಆನ್‌ಲೈನ್‌ನಲ್ಲಿ ಲ್ಯೂರ್‌ಗಳ ದೊಡ್ಡ ಸೆಟ್ಟೊಂದನ್ನು ತರಿಸಿದ್ದೇನೆ. ಸ್ಪಿನ್ನರ್‌ಬೇಟ್ (ತಿರುಗುವ ತಗಡಿನದು), ಪ್ಲಾಸ್ಟಿಕ್ ಎರೆಹುಳ, ಕಪ್ಪೆ, ಸಣ್ಣ ಕ್ರ್ಯಾಂಕ್‌ಬೇಟ್ (ಗಿಡ್ಡ ಮೀನಿನ ಆಕಾರದ್ದು) ಎಲ್ಲ ಇವೆ. ಉದ್ಯಾವರ ಹೊಳೆಯ ಕುರುಡಿ ಮೀನಿಗೆ ಇದರಲ್ಲಿ ಯಾವುದು ಆದೀತು?
– ಓದುಗರು, ಕಟಪಾಡಿ

ಉತ್ತರ: ವಿಡಿಯೊದಲ್ಲಿರುವುದು ಲಾರ್ಜ್‌ಮೌತ್ ಬಾಸ್. ಅದು ಸಿಹಿನೀರಿನ ಮೀನು, ಕೆರೆ–ಜಲಾಶಯಗಳದ್ದು. ನಮ್ಮ ಅಳಿವೆಯ ಕುರುಡಿ, ಅಂದರೆ ಏಷ್ಯನ್ ಸೀಬಾಸ್, ಬೇರೆಯೇ ಕುಟುಂಬದ್ದು. ಆಸ್ಟ್ರೇಲಿಯಾದವರು ಬಾರಮುಂಡಿ ಎನ್ನುವುದು ಇದನ್ನೇ. ಬೇಟೆಯ ಕ್ರಮ ಮಾತ್ರ ಎರಡರದ್ದೂ ಹೆಚ್ಚುಕಮ್ಮಿ ಒಂದೇ. ಕಾಂಡ್ಲಾ (ಮ್ಯಾಂಗ್ರೋವ್) ಬೇರಿನ ಎಡೆಯಲ್ಲೋ, ಸೇತುವೆ ಕಂಬದ ಮರೆಯಲ್ಲೋ ನಿಂತು, ಎದುರಿಗೆ ಬಂದದ್ದನ್ನು ಬಾಯಿ ಅಗಲಿಸಿ ನೀರಿನ ಸಮೇತ ಒಳಗೆಳೆದುಕೊಳ್ಳುತ್ತವೆ. ಆದ್ದರಿಂದ ಲ್ಯೂರಿನ ಆಕಾರಗಳು ಇಲ್ಲಿಯೂ ನಡೆಯುತ್ತವೆ. ಅದರ ಜತೆ ಬಂದ ಕೊಕ್ಕೆ, ರಿಂಗುಗಳು ನಡೆಯುವುದಿಲ್ಲ.

ಕಪ್ಪೆಯನ್ನು ಗದ್ದೆ ಬದಿಯ ಕೆರೆಯಲ್ಲಿ ಮುರ್ರೆಲ್ (ಹಾವುತಲೆ ಮೀನು) ಹಿಡಿಯಲು ಇಟ್ಟುಕೊಳ್ಳಿ. ಎರೆಹುಳ ಇಲ್ಲಿ ಹೆಚ್ಚು ಕೆಲಸ ಮಾಡದು, ಕುರುಡಿ ತಿನ್ನುವುದು ಸಿಗಡಿ ಮತ್ತು ಸಣ್ಣ ಮೀನು. ಐದು ಸೆಂಟಿಮೀಟರಿನ ಕ್ರ್ಯಾಂಕ್‌ಬೇಟ್‌ಗಳ ಕೊಕ್ಕೆ ತೀರ ಸಪೂರ. ಒಂದು ದೊಡ್ಡ ಮೀನಿಗೆ ನೆಟ್ಟಗಾಗಿ ಬಿಡುತ್ತದೆ. ಸ್ಪಿನ್ನರ್‌ಬೇಟ್ ಕೆಸರು ನೀರಿಗೆ ಆಗುತ್ತದೆ, ಇರಲಿ.

ನೂರು ಬೇಡ, ಐದು ಸಾಕು. ಮೊದಲನೆಯದು 9ರಿಂದ 12 ಸೆಂ.ಮೀ. ಉದ್ದದ, ಅರ್ಧದಿಂದ ಒಂದು ಮೀಟರ್ ಆಳಕ್ಕೆ ಹೋಗುವ ತೇಲುವ ಮಿನ್ನೋ (ಸಪೂರ ಮೀನಿನ ಆಕಾರದ ಗಟ್ಟಿ ಲ್ಯೂರ್). ಅದೇ ಅಳತೆಯ, ಎರಡರಿಂದ ಮೂರು ಮೀಟರ್ ಇಳಿಯುವ ಉದ್ದ ತುಟಿಯದು (ತುಟಿ ಅಂದರೆ ಮೂತಿಯಡಿಯ ಚಪ್ಪಟೆ ಹಲಗೆ) ಇನ್ನೊಂದು. 4 ಇಂಚಿನ ಪ್ಯಾಡಲ್‌ಟೇಲ್ ಸಾಫ್ಟ್ ಪ್ಲಾಸ್ಟಿಕ್ (ಅಗಲ ಬಾಲದ ಮೆತ್ತನೆಯ ಮೀನು) ಇರಲಿ. ಅದಕ್ಕೆ 7, 10 ಮತ್ತು 14 ಗ್ರಾಂ ಜಿಗ್ ಹೆಡ್‌ಗಳ (ತೂಕದ ತಲೆಯಿರುವ ಕೊಕ್ಕೆ) ಜತೆಗೆ ಕಾಂಡ್ಲಾ ಎಡೆಗೆ ಎಸೆಯಲು 4/0 ಅಳತೆಯ, ಬೇರಿಗೆ ಸಿಕ್ಕದ ವೀಡ್‌ಲೆಸ್ ಕೊಕ್ಕೆಯೂ ಬೇಕು. ಸಿಗಡಿ ಆಕಾರದ ಒಂದು ಸಾಫ್ಟ್ ಲ್ಯೂರ್. ಮುಂಜಾನೆಗೆ, ನೀರಿನ ಮೇಲೆ ಸದ್ದು ಮಾಡುವ ಒಂದು ಪಾಪರ್.

ಯಾವುದನ್ನು ಕಟ್ಟಬೇಕೆಂದು ತೀರ್ಮಾನಿಸುವುದು ನೀರಿನ ಆಳ. ತುಟಿ ಗಿಡ್ಡವಾಗಿ ಕೆಳಕ್ಕೆ ಬಾಗಿದ್ದರೆ ಲ್ಯೂರ್ ಮೇಲೆಯೇ ಓಡುತ್ತದೆ; ತುಟಿ ಉದ್ದವಾಗಿ ಮೈಯ ನೇರಕ್ಕೇ ಚಾಚಿದ್ದರೆ ಆಳಕ್ಕೆ ಇಳಿಯುತ್ತದೆ. ಡಬ್ಬಿಯ ಮೇಲಿನ ಆಳದ ಅಂಕಿ ತೆಳು ದಾರಕ್ಕೆ, ಉದ್ದ ಎಸೆತಕ್ಕೆ ಹೇಳಿದ್ದು. 40 ಪೌಂಡ್ ಲೀಡರ್ (ಲ್ಯೂರಿನ ಮುಂದಿನ ದಪ್ಪ ದಾರ) ಕಟ್ಟಿ ಹದಿನೈದು ಮೀಟರ್ ಎಸೆದರೆ ಅಷ್ಟು ಇಳಿಯುವುದಿಲ್ಲ.

ಪ್ರಶ್ನೆ: ಹಂಗಾರಕಟ್ಟೆಯ ಹತ್ತಿರ ಮೀನು ಲ್ಯೂರಿನ ಹಿಂದೆಯೇ ಬರುತ್ತದೆ, ದಡದ ತನಕ ಬಂದು ತಿರುಗಿ ಹೋಗುತ್ತದೆ. ಸಿಗಡಿ ಕಟ್ಟಿದವರಿಗೆ ಅಲ್ಲೇ ಸಿಗುತ್ತದೆ. ಎಲ್ಲಿ ತಪ್ಪುತ್ತಿದೆ ಮಾರಾಯ್ರೆ?
– ಓದುಗರು, ಬ್ರಹ್ಮಾವರ

ಉತ್ತರ: ಬಹುಶಃ ಒಂದೇ ವೇಗದಲ್ಲಿ ಸುತ್ತುತ್ತಿದ್ದೀರಿ. ಕುರುಡಿ ಹಿಂಬಾಲಿಸುವುದು ಚಲನೆಗೆ, ಬಾಯಿ ಹಾಕುವುದು ನಿಲುಗಡೆಗೆ. ನಿಲ್ಲಿಸದ ಲ್ಯೂರಿನ ಹಿಂದೆ ಬಂದ ಮೀನಿಗೆ ದಡ ಕಂಡಾಗ ತಿರುಗುವುದೊಂದೇ ದಾರಿ.

ಮಿನ್ನೋ ಆದರೆ, ಬಿದ್ದ ಕೂಡಲೇ ನಾಲ್ಕೈದು ಸುತ್ತು ಬಿರುಸಾಗಿ ಸುತ್ತಿ ಅದರ ಆಳಕ್ಕೆ ಇಳಿಸಿ. ಆಮೇಲೆ ರಾಡ್ ತುದಿಯನ್ನು ನೀರಿನ ಕಡೆಗೆ ತಗ್ಗಿಸಿ ಒಂದು ಗೇಣಿನಷ್ಟು ಎರಡು ಬಾರಿ ಚಿಮ್ಮಿಸಿ, ನಿಲ್ಲಿಸಿ. ಮನಸ್ಸಿನಲ್ಲೇ ಮೂರು ಎಣಿಸಿ. ಸಡಿಲಾದ ದಾರವನ್ನು ಮಾತ್ರ ಸುತ್ತಿ ಮತ್ತೆ ಚಿಮ್ಮಿಸಿ. ನಿಲ್ಲಿಸಿದಾಗ ದಾರ ಬಿಗಿಯಾಗಿಯೂ ಇರಬಾರದು, ಬಳ್ಳಿ ಬಿದ್ದಿರಲೂಬಾರದು. ಬಿಗಿಯಾಗಿದ್ದರೆ ಲ್ಯೂರ್ ಮುಂದಕ್ಕೇ ಜಾರುತ್ತದೆ. ತೀರ ಸಡಿಲಾಗಿದ್ದರೆ ಮೀನು ನುಂಗಿ ಉಗುಳಿದ್ದೂ ಕೈಗೆ ಗೊತ್ತಾಗುವುದಿಲ್ಲ. ಚಳಿಗಾಲದ ಬೆಳಿಗ್ಗೆ ಈ ನಿಲುಗಡೆಯನ್ನು ಐದಾರು ಎಣಿಕೆಗೆ ಹಿಗ್ಗಿಸಿ.

ಸಾಫ್ಟ್ ಪ್ಲಾಸ್ಟಿಕ್ಕಿಗೆ ಜಿಗ್ ಹೆಡ್ಡಿನ ತೂಕವೇ ಎಲ್ಲ. ಎಸೆದು ತಳ ಮುಟ್ಟುವವರೆಗೆ ಎಣಿಸಿ. ಒಂದೆರಡು ಮೀಟರ್ ನೀರಿನಲ್ಲಿ ಮೂರರಿಂದ ಐದು ಎಣಿಕೆಗೆ ಮುಟ್ಟಿದರೆ ತೂಕ ಸರಿ. ದೊಪ್ಪನೆ ಬಿದ್ದರೆ ಕಡಿಮೆ ಮಾಡಿ. ದಾರ ಬಿಲ್ಲಿನಂತೆ ಬಾಗಿ ಸೆಳೆತದ ಜತೆ ಹೋಗುತ್ತಲೇ ಇದ್ದರೆ ಹೆಚ್ಚು ಮಾಡಿ. ತಳ ಮುಟ್ಟಿದ ಮೇಲೆ ರಾಡನ್ನು ಮೊಣಕಾಲಿನ ಮಟ್ಟದಿಂದ ಭುಜದ ಮಟ್ಟಕ್ಕೆ ಎತ್ತಿ, ಅದು ಬೀಳುವಾಗ ತುದಿಯನ್ನು ಅದರ ಜತೆಗೇ ಇಳಿಸಿ. ಹೊಡೆತ ಹೆಚ್ಚಾಗಿ ಬೀಳುವುದು ಆ ಇಳಿತದಲ್ಲೇ. ದಾರ ಸುಮ್ಮನೆ ಪಕ್ಕಕ್ಕೆ ಹಾರಿದರೂ, ತಳ ಮುಟ್ಟಬೇಕಾದ ಹೊತ್ತಿಗೆ ಮೊದಲೇ ನಿಂತರೂ ಮೀನೆಂದೇ ತಿಳಿದು ಎಳೆಯಿರಿ. ಪಾಪರ್ ಒಂದು ಸಲ ‘ಗ್ಲುಪ್’ ಎನಿಸಿದ ಮೇಲೆ ನೀರಿನ ಬಳೆ ಆರುವ ತನಕ ಮುಟ್ಟಬಾರದು. ಹೆಚ್ಚಿನವರಿಗೆ ಇಷ್ಟು ತಾಳ್ಮೆ ಇರುವುದಿಲ್ಲ.

ಇನ್ನೊಂದು ವಿಷಯ, ನೀವು ಎಸೆಯುವ ದಿಕ್ಕು. ಮೀನು ಸೆಳೆತಕ್ಕೆ ಮುಖ ಕೊಟ್ಟು ನಿಲ್ಲುತ್ತದೆ, ಆಹಾರ ಬರುವುದು ಅತ್ತಲಿಂದ. ಸೆಳೆತದ ವಿರುದ್ಧ ಎಳೆದ ಲ್ಯೂರ್ ಅದರ ಬಾಲದ ಕಡೆಯಿಂದ ಬರುತ್ತದೆ. ಯಾವ ಸಣ್ಣ ಮೀನೂ ಹಾಗೆ ಬರುವುದಿಲ್ಲ. ಆದ್ದರಿಂದ ಸೆಳೆತದ ಮೇಲ್ಬದಿಗೆ ಓರೆಯಾಗಿ ಎಸೆದು, ನೀರಿನ ಜತೆಗೇ ಇಳಿಯಲು ಬಿಟ್ಟು ಎಳೆಯಿರಿ. ಕಡಲ ನೀರಿಳಿತದ ಎರಡನೇ ಅರ್ಧದಲ್ಲಿ ಕಾಂಡ್ಲಾ ಒಳಗಿನ ನೀರು ತೋಡಿನಿಂದ ಹೊಳೆಗೆ ಬೀಳುವ ಬಾಯಿ, ಕುದ್ರುವಿನ (ಹೊಳೆ ನಡುವಿನ ದ್ವೀಪ) ಕೆಳತುದಿ, ಕಿಂಡಿ ಅಣೆಕಟ್ಟಿನ ಕೆಳಗಿನ ನೊರೆಯ ಅಂಚು – ನಿಮ್ಮ ಸ್ವರ್ಣಾ, ಸೀತಾ ಎರಡರಲ್ಲೂ ಹುಡುಕಬೇಕಾದ್ದು ಇವನ್ನೇ. ರಾತ್ರಿಯಾದರೆ ಸೇತುವೆ ದೀಪದ ಬೆಳಕಿಗೂ ನೆರಳಿಗೂ ನಡುವಿನ ಗೆರೆ; ಮೀನು ನೆರಳಿನಲ್ಲಿ ನಿಂತು ಬೆಳಕಿನ ಕಡೆ ನೋಡುತ್ತಿರುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಸುತ್ತ ಸೆಳೆತ ಜೋರು, ಜಿಗ್ ಹೆಡ್ 14 ಗ್ರಾಂ ಸಾಲದೆ 21 ಬೇಕಾಗಬಹುದು. ಅಷ್ಟಮಿಯ ಆಸುಪಾಸು 7 ಸಾಕು. ನೀರು ನಿಂತೇ ಬಿಟ್ಟಾಗ ಚಾ ಕುಡಿದು ಬನ್ನಿ.

ಪ್ರಶ್ನೆ: ಬಾಯಿ ಹಾಕುತ್ತದೆ, ಹಾರಿ ತಲೆ ಕೊಡವುತ್ತದೆ, ಲ್ಯೂರ್ ನಮ್ಮತ್ತಲೇ ಹಾರಿ ಬರುತ್ತದೆ. ಒಂದು ಸಲ ಕೊಕ್ಕೆಯೇ ಬಿಚ್ಚಿಕೊಂಡಿತ್ತು, ಇನ್ನೊಂದು ಸಲ ದಾರ ತುಂಡು.
– ಓದುಗರು, ಉಳ್ಳಾಲ

ಉತ್ತರ: ಕಾರಣಗಳು ಬೇರೆ ಬೇರೆ. ಬಿಚ್ಚಿಕೊಂಡದ್ದು ಲ್ಯೂರಿನ ಜತೆ ಬಂದ ತೆಳು ಟ್ರೆಬಲ್, ಅಂದರೆ ಮೂರು ಮೊನೆಯ ಕೊಕ್ಕೆ. ಕುರುಡಿಯ ದವಡೆ ಗಟ್ಟಿ; ಬಾಯಿ ಮುಚ್ಚಿದ ಬಲಕ್ಕೇ ಸಪೂರ ತಂತಿ ಬಾಗುತ್ತದೆ. ಅದೇ ಅಳತೆಯ 3ಎಕ್ಸ್ ಅಥವಾ 4ಎಕ್ಸ್ ದಪ್ಪದ ಕೊಕ್ಕೆ ಹಾಕಿ, ಅದನ್ನು ಲ್ಯೂರಿಗೆ ಸಿಕ್ಕಿಸುವ ಸ್ಪ್ಲಿಟ್ ರಿಂಗನ್ನೂ ಬದಲಿಸಿ. ರಿಂಗ್ ಹಳೆಯದೇ ಉಳಿದರೆ ಮುಂದಿನ ಸಲ ಬಿಚ್ಚುವುದು ಅದು. ದಪ್ಪ ಕೊಕ್ಕೆಗೆ ತೂಕ ಹೆಚ್ಚು. ಹಾಕಿದ ಮೇಲೆ ಬಕೆಟ್ಟಿನಲ್ಲಿ ಬಿಟ್ಟು ನೋಡಿ: ತೇಲುವ ಲ್ಯೂರ್ ಮುಳುಗತೊಡಗಿದರೆ ಬಾಲದ ಬದಿಯ ಕೊಕ್ಕೆಯನ್ನು ಒಂದು ಅಳತೆ ಸಣ್ಣದು ಮಾಡಿ.

ದಾರ ತುಂಡಾದದ್ದು ಕಿವಿರು ಮುಚ್ಚಳದ ಅಂಚಿಗೆ ಇರಬೇಕು, ಅದು ಬ್ಲೇಡಿನಷ್ಟೇ ಹರಿತ. ನಿಮ್ಮಲ್ಲಿ ಕಲ್ಲಿಗೆ ಅಂಟಿದ ಚಿಪ್ಪೂ ಇದೆ. 20 ಪೌಂಡ್ ಬ್ರೇಡ್ (ಹೆಣೆದ ದಾರ) ಆದರೆ ಅದರ ತುದಿಗೆ 40 ಪೌಂಡ್ ತಂಗೂಸಿಯನ್ನು (ನೈಲಾನ್ ದಾರ) ಒಂದು ಮೀಟರಿನಷ್ಟು ಲೀಡರ್ ಆಗಿ ಕಟ್ಟಬೇಕು. ಸೇರಿಸಲು ಎಫ್‌ಜಿ ಗಂಟು ಉತ್ತಮ. ಕತ್ತಲೆಯಲ್ಲಿ ಅದು ಬಾರದಿದ್ದರೆ ಡಬಲ್ ಯುನಿ ಸಾಕು. ಬಿಗಿಸುವ ಮೊದಲು ಎಂಜಲು ತಾಗಿಸಿ, ಒಣ ತಂಗೂಸಿ ಬಿಸಿಯೇರಿ ಅಲ್ಲೇ ದುರ್ಬಲವಾಗುತ್ತದೆ. ಪ್ರತಿ ಮೀನಿನ ನಂತರ ಲೀಡರಿನ ಕೊನೆಯ ಗೇಣನ್ನು ಬೆರಳಿನಲ್ಲಿ ಸವರಿ ನೋಡಿ, ಒರಟಾಗಿದ್ದರೆ ಕತ್ತರಿಸಿ ಮತ್ತೆ ಕಟ್ಟಿ. ಲ್ಯೂರಿಗೆ ಕಟ್ಟುವುದು ಲೂಪ್ ಗಂಟು. ಬಿಗಿ ಗಂಟು ಹಾಕಿದರೆ ದಪ್ಪ ಲೀಡರ್ ಲ್ಯೂರಿನ ಮೂತಿಯನ್ನು ಹಿಡಿದಿಟ್ಟು ಆಟ ಕೊಲ್ಲುತ್ತದೆ.

ಹಾರಿ ಕೊಡವುವುದಕ್ಕೆ ಮದ್ದು ರಾಡನ್ನು ತಗ್ಗಿಸುವುದು. ದಾರ ಮೇಲಕ್ಕೆ ಬರತೊಡಗಿದರೆ ಹಾರುತ್ತದೆಂದು ಅರ್ಥ, ಕೂಡಲೇ ತುದಿಯನ್ನು ನೀರಿಗೆ ತಾಗುವಷ್ಟು ಇಳಿಸಿ ಪಕ್ಕಕ್ಕೆ ಎಳೆದು ಹಿಡಿಯಿರಿ. ಸಡಿಲ ಬಿಡಬೇಡಿ. ರೀಲಿನಿಂದ ದಾರ ಜಾರಬಿಡುವ ಡ್ರ್ಯಾಗನ್ನು ಕೈಯಂದಾಜಿನಲ್ಲಿ ಬಿಗಿಸದೆ, ರಾಡಿನ ಮೂಲಕ ದಾರ ಹಾಯಿಸಿ ಸ್ಪ್ರಿಂಗ್ ತಕ್ಕಡಿಗೆ ಕಟ್ಟಿ ಎಳೆದು ನೋಡಿ. 20 ಪೌಂಡ್ ದಾರಕ್ಕೆ ಎರಡೂವರೆ ಕಿಲೋದಲ್ಲಿ ಜಾರಬೇಕು. ಟ್ರೆಬಲ್ ಇರುವ ಲ್ಯೂರಿಗೆ ಜೋರಾದ ಕೊಕ್ಕೆ–ಎಳೆತ ಬೇಡ, ಸುತ್ತುತ್ತ ಬಿಗಿ ಹಿಡಿದರೆ ಸಾಕು. ವೀಡ್‌ಲೆಸ್ ಸಾಫ್ಟ್ ಪ್ಲಾಸ್ಟಿಕ್ಕಿಗೆ ಮಾತ್ರ ಗಟ್ಟಿಯಾಗಿ ಎಳೆಯಬೇಕು, ಮೊನೆ ಮೊದಲು ಪ್ಲಾಸ್ಟಿಕ್ ದಾಟಬೇಕಲ್ಲ.

ಪ್ರಶ್ನೆ: ಹೊಸ ಮಿನ್ನೋ ಎಳೆದರೆ ಬಲಕ್ಕೇ ವಾಲಿ ಮೇಲಕ್ಕೆ ಬರುತ್ತದೆ. ಹಾಳಾದ ಮಾಲೇ?
– ಓದುಗರು, ಕೆಮ್ಮಣ್ಣು

ಉತ್ತರ: ಇರಲಿಕ್ಕಿಲ್ಲ. ಮೊದಲು ಗಂಟು ಒಂದು ಬದಿಗೆ ಜಾರಿದೆಯೇ, ಕೊಕ್ಕೆ ದಾರಕ್ಕೆ ಸಿಕ್ಕಿದೆಯೇ, ತುಟಿಯಲ್ಲಿ ಪಾಚಿ ಇದೆಯೇ ನೋಡಿ. ಏನೂ ಇಲ್ಲದಿದ್ದರೆ ಲ್ಯೂರಿನ ಮೂತಿಯನ್ನು ನಿಮ್ಮ ಕಡೆ ತಿರುಗಿಸಿ ಹಿಡಿಯಿರಿ. ನಿಮ್ಮತ್ತ ಬರುವಾಗ ಅದು ನಿಮ್ಮ ಬಲಕ್ಕೆ ವಾಲುತ್ತಿದ್ದರೆ, ದಾರ ಕಟ್ಟುವ ಕಣ್ಣನ್ನು ಸಣ್ಣ ಇಕ್ಕಳದಿಂದ ನಿಮ್ಮ ಎಡಕ್ಕೆ ಕೂದಲೆಳೆಯಷ್ಟು ಬಾಗಿಸಿ. ತಿರುಚಬೇಡಿ, ಬುಡದ ಅಂಟು ಬಿಟ್ಟು ನೀರು ಒಳಸೇರುತ್ತದೆ. ಎಳೆದು ನೋಡಿ, ಸಾಲದಿದ್ದರೆ ಇನ್ನೊಂಚೂರು. ಬಿರುಸಾಗಿ ಎಳೆದಾಗ ಮಾತ್ರ ವಾಲುವುದಾದರೆ ಅದು ಆ ಲ್ಯೂರಿನ ವೇಗದ ಮಿತಿ, ಬಿಟ್ಟುಬಿಡಿ.

ಪ್ರಶ್ನೆ: ‘ಸಸ್ಪೆಂಡಿಂಗ್’ ಎಂದು ಬರೆದಿದ್ದ ಲ್ಯೂರ್ ನಿಲ್ಲಿಸಿದಾಗ ನೀರಿನ ನಡುವೆ ನಿಲ್ಲದೆ ಮೇಲೇರುತ್ತದೆ. ಮನೆಯ ಬಕೆಟ್ಟಿನಲ್ಲಿ ಸರಿಯಾಗಿಯೇ ನಿಂತಿತ್ತು.
– ಓದುಗರು, ಗಂಗೊಳ್ಳಿ

ಉತ್ತರ: ಬಕೆಟ್ಟಿನಲ್ಲಿ ಇದ್ದದ್ದು ಬಾವಿ ನೀರು. ಕಡಲ ನೀರು ಅದಕ್ಕಿಂತ ನೂರಕ್ಕೆ ಎರಡೂವರೆಯಷ್ಟು ಭಾರ. 16 ಗ್ರಾಂ ಲ್ಯೂರ್ ಬಾವಿ ನೀರಿನಲ್ಲಿ ಸಮ ನಿಂತರೆ, ಪೂರ್ತಿ ಉಪ್ಪು ನೀರಿನಲ್ಲಿ ಅದನ್ನು 0.4 ಗ್ರಾಂನಷ್ಟು ಬಲ ಮೇಲಕ್ಕೆ ತಳ್ಳುತ್ತದೆ. ಹೊಟ್ಟೆಯ ಕೊಕ್ಕೆಯ ನೇರ ಕಡ್ಡಿಗೆ ಅಷ್ಟೇ ತೂಕದ ಸೀಸದ ತಂತಿ ಸುತ್ತಿ, ಅಥವಾ ಒಂದು ಭಾರದ ಸ್ಪ್ಲಿಟ್ ರಿಂಗ್ ಹಾಕಿ, ಪರೀಕ್ಷೆಯನ್ನು ಹೊಳೆ ನೀರಲ್ಲೇ ಮಾಡಿ. ಬೇಸಗೆಯಲ್ಲಿ ಸರಿ ಹೊಂದಿಸಿದ್ದು ಮಳೆಗಾಲ ಮುಗಿದ ಹೊಸತರಲ್ಲಿ ಮುಳುಗುತ್ತದೆ, ಏಕೆಂದರೆ ಆಗ ಮೇಲ್ಪದರದಲ್ಲಿ ಸಿಹಿನೀರು, ಉಪ್ಪು ನೀರು ಅಡಿಯಲ್ಲಿ. ತಂತಿ ಬಿಚ್ಚಿದರಾಯಿತು.

ಪ್ರಶ್ನೆ: ಯಾವ ಬಣ್ಣ ಒಳ್ಳೆಯದು?
– ಓದುಗರು, ಮೂಲ್ಕಿ

ಉತ್ತರ: ಆಳ, ವೇಗ, ನಿಲುಗಡೆ ಮೂರೂ ಸರಿಯಾದ ಮೇಲೆ ಕೇಳುವ ಪ್ರಶ್ನೆ ಇದು. ಲ್ಯೂರನ್ನು ಒಂದಡಿ ಮುಳುಗಿಸಿದಾಗ ಕಾಣುತ್ತಿದ್ದರೆ ಬೆಳ್ಳಿ, ಬೂತಾಯಿ ಬೆನ್ನಿನ ನೀಲಿ–ಹಸಿರು, ಕಾಣದಿದ್ದರೆ ಚಿನ್ನದ ಬಣ್ಣ ಅಥವಾ ಗಿಳಿಹಸಿರು, ರಾತ್ರಿಗೆ ಕಪ್ಪು. ಅಂಗಡಿಯ ಗೋಡೆಯ ಬಣ್ಣಗಳಲ್ಲಿ ಅರ್ಧ ಇರುವುದು ನಮ್ಮನ್ನು ಹಿಡಿಯಲು.

ಪ್ರಶ್ನೆ: ಡಬ್ಬಿಯಲ್ಲಿಟ್ಟ ಸಾಫ್ಟ್ ಲ್ಯೂರುಗಳು ಕರಗಿ ಮುದ್ದೆಯಾಗಿವೆ, ಪಕ್ಕದ ಮಿನ್ನೋದ ಬಣ್ಣವೂ ಕಿತ್ತುಬಂದಿದೆ.
– ಓದುಗರು, ಮಂಗಳೂರು

ಉತ್ತರ: ಸಾಫ್ಟ್ ಪ್ಲಾಸ್ಟಿಕ್ಕನ್ನು ಮೆತ್ತಗಿಡುವ ಎಣ್ಣೆಯಂಥ ದ್ರವ ಬೇರೆ ಪ್ಲಾಸ್ಟಿಕ್ಕನ್ನೂ ಬಣ್ಣವನ್ನೂ ತಿನ್ನುತ್ತದೆ. ಹಿಗ್ಗುವ ರಬ್ಬರಿನಂಥ ಟಿಪಿಇ ಲ್ಯೂರ್ ಸಾಮಾನ್ಯ ಪಿವಿಸಿ ಲ್ಯೂರಿಗೆ ತಾಗಿದರೆ ಎರಡೂ ಹೋದಂತೆ. ಬಂದ ಚೀಲದಲ್ಲೇ, ಮಡಚದೆ ಇಡಿ; ಬಾಲ ಒಮ್ಮೆ ಸೊಟ್ಟಗಾದರೆ ಆಟ ಕೆಡುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಕಾರಿನೊಳಗೆ ಬಿಡಬೇಡಿ. ಗಟ್ಟಿ ಲ್ಯೂರನ್ನು ಸಿಹಿನೀರಲ್ಲಿ ತೊಳೆದು ಒಣಗಿಸಿಯೇ ಡಬ್ಬಿಗೆ ಹಾಕಿ. ಒಂದು ಒದ್ದೆ ಕೊಕ್ಕೆ ಇಡೀ ಡಬ್ಬಿಗೆ ತುಕ್ಕು ಹಚ್ಚುತ್ತದೆ.

ಪ್ರಶ್ನೆ: ಜೂನ್–ಜುಲೈಯಲ್ಲಿ ಅಳಿವೆ ಬಾಗಿಲಲ್ಲಿ ದೊಡ್ಡ ಕುರುಡಿ ಇರುತ್ತದೆ ಎನ್ನುತ್ತಾರೆ. ಲ್ಯೂರ್ ಹಾಕಬಹುದೇ?
– ಓದುಗರು, ಬೆಂಗ್ರೆ

ಉತ್ತರ: ಇರುತ್ತದೆ, ಮೊಟ್ಟೆಯಿಡಲು ಉಪ್ಪು ನೀರಿಗೆ ಬಂದಿರುತ್ತದೆ. ಜೂನ್ 1ರಿಂದ ಜುಲೈ 31ರ ನಿಷೇಧ ಇರುವುದು ಯಾಂತ್ರೀಕೃತ ದೋಣಿಗಳಿಗೆ, ದಡದ ರಾಡಿಗಲ್ಲ. ಆದರೂ ಆ ತಿಂಗಳುಗಳಲ್ಲಿ ತಡೆಗೋಡೆಯ ಕಲ್ಲಿನ ಮೇಲೆ ನಿಲ್ಲುವುದು ಬೇಡ. ಏಳನೆಯದೋ ಎಂಟನೆಯದೋ ಅಲೆ ಉಳಿದವಕ್ಕಿಂತ ಎತ್ತರಕ್ಕೆ ಬರುತ್ತದೆಂದು ಎಣಿಸುತ್ತ ನಿಂತರೆ ಆಗದು, ಅದು ಎಣಿಕೆ ಪಾಲಿಸುವುದಿಲ್ಲ. ಸೆಪ್ಟೆಂಬರ್ ಕೊನೆಗೆ ಕೆಂಪು ನೀರು ತಿಳಿಯಾಗುವಾಗ ಒಳಗಿನ ತೋಡುಗಳಿಗೆ ಹೋಗಿ. ಪಂಜರ ಕೃಷಿ ಇರುವ ಕಡೆ ಮಾತ್ರ ಎಸೆಯಬೇಡಿ, ಟ್ರೆಬಲ್ ಸಿಕ್ಕಿ ಬಲೆ ಹರಿದರೆ ಸಾಕಿದವರ ಮೀನು ಹೊಳೆಪಾಲು.

ದೊಡ್ಡದು ಸಿಕ್ಕರೆ ಒಂದು ಮಾತು. ಕುರುಡಿ ಮೊದಲು ಗಂಡಾಗಿದ್ದು ಕೆಲ ವರ್ಷಗಳ ಮೇಲೆ ಹೆಣ್ಣಾಗುತ್ತದೆ. ನಾಲ್ಕೈದು ಕಿಲೋ ದಾಟಿದವು ಬಹುಪಾಲು ಹೆಣ್ಣು. ಸಾರಿಗೆ ಎರಡು ಕಿಲೋದ್ದೇ ರುಚಿ. ಬಿಡುವುದಾದರೆ ಕೊಕ್ಕೆಯ ಮುಳ್ಳನ್ನು ಮನೆಯಲ್ಲೇ ಇಕ್ಕಳದಿಂದ ಒತ್ತಿಟ್ಟಿರಿ. ಬಾಯಿಗೆ ಲಿಪ್ ಗ್ರಿಪ್ ಹಾಕಿ, ಇನ್ನೊಂದು ಕೈ ಹೊಟ್ಟೆಯಡಿ ಕೊಟ್ಟು ಅಡ್ಡಡ್ಡ ಎತ್ತಿ. ಬೆರಳು ಕಿವಿರಿನತ್ತ ಹೋಗಬಾರದು. ನೀರಿನಲ್ಲಿ ಸೆಳೆತಕ್ಕೆ ಮುಖ ಮಾಡಿ ಹಿಡಿದುಕೊಳ್ಳಿ, ತಾನಾಗಿ ಬಾಲ ಬೀಸಿದಾಗ ಬಿಡಿ.