ಆನ್‌ಲೈನ್ ಎಂಎಸ್ ಫೀಸಿಗೆ ಅಮೆರಿಕದಲ್ಲಿ ಟ್ಯಾಕ್ಸ್ ಕ್ರೆಡಿಟ್: ಪ್ರತಿಕ್ರಿಯೆ

ಹೆಂಡತಿಯ ಆನ್‌ಲೈನ್ ಎಂಎಸ್ ಫೀಸಿಗೆ ಟ್ಯಾಕ್ಸ್ ಕ್ರೆಡಿಟ್ (ಕಟ್ಟಬೇಕಾದ ತೆರಿಗೆಯಲ್ಲೇ ನೇರ ಕಡಿತ) ಕೇಳಿದರೆ ಟ್ಯಾಕ್ಸ್ ಫೈಲ್ ಮಾಡುವ ಸಾಫ್ಟ್‌ವೇರ್ ಬೇಡ ಅಂತಿದೆ, ಕೋರ್ಸ್ ಆನ್‌ಲೈನ್ ಆಗಿದ್ದಕ್ಕಾ ಅಂತ ಕೇಳಿದ್ದೀರಿ. ಕೋರ್ಸ್ ಆನ್‌ಲೈನ್ ಅನ್ನೋದು ಇಲ್ಲಿ ಅಡ್ಡಿಯೇ ಅಲ್ಲ. ಸಾಫ್ಟ್‌ವೇರ್ ಬೇಡ ಅಂದಿರುವುದು ಬಹುಶಃ ನೀವು ಅಮೆರಿಕನ್ ಆಪರ್ಚುನಿಟಿ ಕ್ರೆಡಿಟ್ ಆರಿಸಿದ್ದಕ್ಕೆ. ಅದು ಕಾಲೇಜು ಓದಿನ ಮೊದಲ ನಾಲ್ಕು ವರ್ಷಕ್ಕೆ ಮಾತ್ರ, ಅದೂ ಕನಿಷ್ಠ ಹಾಫ್ ಟೈಮ್ ಓದುವವರಿಗೆ. ನಿಮ್ಮ ಹೆಂಡತಿ ಸೆಮಿಸ್ಟರಿಗೆ ಒಂದೇ ವಿಷಯ ತಗೊಂಡು ಎಂಎಸ್ ಮಾಡ್ತಿದ್ದಾರೆ ಅಂದಿದ್ದೀರಿ. ಹಾಗಾದರೆ ಈ ಎರಡು ಷರತ್ತಿಲ್ಲದ ಲೈಫ್‌ಟೈಮ್ ಲರ್ನಿಂಗ್ ಕ್ರೆಡಿಟ್ ನೋಡಿ.

ಮೊದಲು ಕಾಲೇಜು ಕೊಟ್ಟ 1098-ಟಿ ಫಾರ್ಮ್ ತೆಗೆಯಿರಿ. ಬಾಕ್ಸ್ 1ರಲ್ಲಿ ಕಟ್ಟಿದ ಫೀಸು, ಬಾಕ್ಸ್ 5ರಲ್ಲಿ ಸ್ಕಾಲರ್‌ಶಿಪ್ ಇರುತ್ತದೆ. ಎರಡನೆಯದನ್ನು ಮೊದಲನೆಯದರಿಂದ ಕಳೆಯಿರಿ. ಕಂಪನಿ ತೆರಿಗೆ ಇಲ್ಲದೆ ಕೊಟ್ಟ ದುಡ್ಡಿದ್ದರೆ ಅದನ್ನೂ ಕಳೆಯಬೇಕು. ಇದನ್ನು ಜಾಸ್ತಿ ಜನ ಮರೆಯುತ್ತಾರೆ. ಸಾಲ ತಗೊಂಡು ಕಟ್ಟಿದ ಫೀಸನ್ನು ಮಾತ್ರ ಕಳೆಯಬೇಡಿ, ಅದು ನಿಮ್ಮದೇ ಖರ್ಚು. ಪುಸ್ತಕದ ದುಡ್ಡು ಕಾಲೇಜಿಗೇ ಕಟ್ಟಲೇಬೇಕು ಅಂತಿದ್ದರೆ ಮಾತ್ರ ಸೇರುತ್ತದೆ.

ಉಳಿದ ಮೊತ್ತವನ್ನು ಕ್ರೆಡಿಟ್ ಕೇಳಲು ರಿಟರ್ನ್ ಜೊತೆ ಕೊಡುವ ಫಾರ್ಮ್ 8863ರಲ್ಲಿ ತುಂಬಿ. 10,000 ಡಾಲರ್‌ವರೆಗಿನ ಖರ್ಚಿಗೆ ಶೇ. 20, ಅಂದರೆ ಒಂದು ರಿಟರ್ನ್‌ಗೆ ಹೆಚ್ಚೆಂದರೆ 2,000 ಡಾಲರ್. ಇದು ಕಟ್ಟಬೇಕಾದ ತೆರಿಗೆಯನ್ನು ತಗ್ಗಿಸುತ್ತದೆ ಅಷ್ಟೇ, ತೆರಿಗೆ ಸೊನ್ನೆಯಾದ ಮೇಲೆ ಮಿಕ್ಕಿದ್ದು ಕೈಗೆ ಬರಲ್ಲ.

ನಿಮ್ಮ ಆದಾಯ ಎಷ್ಟು ಅಂತ ಬರೆದಿಲ್ಲ. ಜಂಟಿ ರಿಟರ್ನ್‌ನಲ್ಲಿ 1,60,000 ಡಾಲರ್ ದಾಟಿದರೆ ಕ್ರೆಡಿಟ್ ಕರಗಲು ಶುರುವಾಗಿ 1,80,000ಕ್ಕೆ ಪೂರ್ತಿ ಹೋಗುತ್ತದೆ. ಗಂಡ ಹೆಂಡತಿ ಬೇರೆ ಬೇರೆ ಫೈಲ್ ಮಾಡಿದರಂತೂ ಸಿಗುವುದೇ ಇಲ್ಲ. ನೀವು ವರ್ಷದ ಮಧ್ಯೆ ಅಮೆರಿಕಕ್ಕೆ ಬಂದವರಾದರೆ, ಪೂರ್ತಿ ವರ್ಷ ರೆಸಿಡೆಂಟ್ (ತೆರಿಗೆ ಲೆಕ್ಕದಲ್ಲಿ ಅಮೆರಿಕದ ನಿವಾಸಿ) ಆಗಿ ಫೈಲ್ ಮಾಡಲು ಆಗುತ್ತಾ ಅಂತ ಸಿಪಿಎ (ಅಲ್ಲಿನ ಲೆಕ್ಕಪರಿಶೋಧಕ) ಹತ್ತಿರ ಮೊದಲೇ ಕೇಳಿಕೊಳ್ಳಿ, ಇಲ್ಲದಿದ್ದರೆ ಈ ಕ್ರೆಡಿಟ್ ಸಿಗದೆ ಹೋಗಬಹುದು.